ಫ್ಯಾನ್ ಇಲ್ಲದ ಗಣಕ: ಸಿಂಪ್ಯೂಟರ್ ವಿನ್ಯಾಸದ ವಿಮರ್ಶೆ

ಗಣಕ ಕೊಳ್ಳುವಾಗ ನಾವು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಗಿಗಾಹರ್ಟ್ಸ್?’ ಎಂಬುದು. ‘ಎಷ್ಟು ವ್ಯಾಟ್?’ ಎಂದು ಕೇಳುವವರು ವಿರಳ. ಈ ಎರಡನೆಯ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಟ್ಟ ಗಣಕವೊಂದು ಬೆಂಗಳೂರಿನಲ್ಲೇ ರೂಪುಗೊಂಡಿತ್ತು. ಅದೇ ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರು 2001ರಲ್ಲಿ ಅದರ ಮಾದರಿಯನ್ನು ಹೊರತಂದರು. ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ’ ಸಿಂಪ್ಯೂಟರ್ 2004ರಲ್ಲಿ ಮಾರುಕಟ್ಟೆಗೆ ಬಂದು, ನಿರೀಕ್ಷೆಯಷ್ಟು ಮಾರಾಟವಾಗದೆ ಮರೆಯಾಯಿತು. ‘ವೇಗ ಸಾಲದೆ ಸೋತಿತು’ ಎಂದುಬಿಡುವುದು ಸುಲಭ. ಆದರೆ ಅದು ಸರಿಯೆ?

ಸಿಂಪ್ಯೂಟರಿನ ಸಂಸ್ಕಾರಕ 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್. ಅದು ಬಳಸುತ್ತಿದ್ದುದು ಅರ್ಧ ವ್ಯಾಟಿಗೂ ಕಡಿಮೆ. ಅದೇ 2001ರ 2 ಗಿಗಾಹರ್ಟ್ಸ್ ಪೆಂಟಿಯಂ–4 ಸಂಸ್ಕಾರಕಕ್ಕೆ ಸುಮಾರು 75 ವ್ಯಾಟ್ ಬೇಕಿತ್ತು. ಗಡಿಯಾರದ ವೇಗ ಹತ್ತರಷ್ಟು. ವಿದ್ಯುತ್ತು ನೂರೈವತ್ತರಷ್ಟಕ್ಕೂ ಹೆಚ್ಚು! ಪೆಂಟಿಯಂಗೆ ಶಾಖ ಹೊರಹಾಕಲು ಲೋಹದ ಪಟ್ಟಿಗಳೂ ಗದ್ದಲದ ಫ್ಯಾನೂ ಅನಿವಾರ್ಯ. ಸಿಂಪ್ಯೂಟರಿಗೆ ಫ್ಯಾನೇ ಬೇಡ. ಮೂರು ಪುಟ್ಟ ‘ಎಎಎ’ ಸೆಲ್‌ಗಳಲ್ಲಿರುವುದು ಸುಮಾರು 2.7 ವ್ಯಾಟ್-ಗಂಟೆ ಶಕ್ತಿ. 75 ವ್ಯಾಟಿನ ಸಂಸ್ಕಾರಕ ಇದನ್ನು ಎರಡೇ ನಿಮಿಷಗಳಲ್ಲಿ ಮುಗಿಸುತ್ತದೆ.

ಈ ವ್ಯತ್ಯಾಸಕ್ಕೆ ಕಾರಣವೇನು? ಚಿಪ್ಪಿನೊಳಗಿನ ಸ್ವಿಚ್ಚುಗಳು ಬಳಸುವ ವಿದ್ಯುತ್ತು ಆವೃತ್ತಿಗೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಎರಡನ್ನೂ ಶೇಕಡ 20ರಷ್ಟು ಇಳಿಸಿದರೆ 0.8 × 0.8 × 0.8, ಅಂದರೆ ಸುಮಾರು ಅರ್ಧ. ಆವೃತ್ತಿಯನ್ನು ಮಾತ್ರ ಇಳಿಸಿದರೆ ಶಾಖ ಕಡಿಮೆಯಾಗುತ್ತದೆ ನಿಜ. ಆದರೆ ಕೆಲಸ ಹೆಚ್ಚು ಹೊತ್ತು ಹಿಡಿಯುವುದರಿಂದ ಅದೇ ಕೆಲಸಕ್ಕೆ ತಗಲುವ ಒಟ್ಟು ಶಕ್ತಿ ಅಷ್ಟೇನೂ ಉಳಿಯದು. ಈ ಅಂಶವನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಸಿಂಪ್ಯೂಟರಿನ ವೇಗ ಅದರ ಉದ್ದೇಶಕ್ಕೆ ಸಾಲುತ್ತಿತ್ತೆ? ಸಾಲುತ್ತಿತ್ತು. ಬರಹವನ್ನು ಕನ್ನಡದಲ್ಲಿ ಓದಿ ಹೇಳುವ ‘ಧ್ವನಿ’ ತಂತ್ರಾಂಶ ಅದಕ್ಕೆಂದೇ ರೂಪುಗೊಂಡಿತು. ಅಕ್ಷರ ಬಾರದವರಿಗೂ ಗಣಕ ಎಂಬ ಆಶಯಕ್ಕೆ ಅದು ತಕ್ಕದ್ದು. ಕೊರತೆ ಬೇರೆಡೆ ಇತ್ತು. ಕೀಲಿಮಣೆ ಇಲ್ಲದೆ ಕಡ್ಡಿಯಿಂದ ಬರೆಯಬೇಕಾಗಿತ್ತು. ಅಗ್ಗದ ಮಾದರಿಗೂ ಸುಮಾರು ಹತ್ತು ಸಾವಿರ ರೂಪಾಯಿ ಬೆಲೆ. ಹಳ್ಳಿಯವರು ಒಂದನ್ನೇ ಸ್ಮಾರ್ಟ್ ಕಾರ್ಡ್ ಮೂಲಕ ಹಂಚಿಕೊಳ್ಳಲಿ ಎಂಬ ಯೋಚನೆ ಒಳ್ಳೆಯದೇ. ಆದರೆ ಅದನ್ನು ನಡೆಸುವ ವ್ಯವಸ್ಥೆ ಯಂತ್ರದ ಜೊತೆಗೆ ಬೆಳೆಯಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಯಿತು. ಹೀಗೆ ಸೋತದ್ದು ಮಾರುಕಟ್ಟೆಯ ಲೆಕ್ಕ, ವಿದ್ಯುತ್ತಿನ ಲೆಕ್ಕವಲ್ಲ. ಗಿಗಾಹರ್ಟ್ಸ್ ಓಟ ನಡೆಸುತ್ತಿದ್ದ ಇಂಟೆಲ್ ಕೂಡ 2004ರಲ್ಲಿ 4 ಗಿಗಾಹರ್ಟ್ಸ್ ಪೆಂಟಿಯಂ–4 ಯೋಜನೆಯನ್ನು ಕೈಬಿಟ್ಟಿತು. 2006ರಲ್ಲಿ ಅದು ತಂದ 2.4 ಗಿಗಾಹರ್ಟ್ಸ್ ಕೋರ್–2 ಡ್ಯುಯೋ 65 ವ್ಯಾಟಿನಲ್ಲೇ ಹೆಚ್ಚು ಕೆಲಸ ಮಾಡಿತು.

ಈ ಪಾಠ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಶಾಲಾ ಗಣಕ ಕೊಠಡಿಗಳಿಗೂ ಅನ್ವಯಿಸುತ್ತದೆ. ಬೆರಳಚ್ಚು, ಚಿತ್ರ, ಲೆಕ್ಕಪಟ್ಟಿಗಳ ಪಾಠಕ್ಕೆ ‘ಹೈ ಪರ್ಫಾರ್ಮೆನ್ಸ್’ ಆಯ್ಕೆ ಅನಗತ್ಯ. ‘ಬ್ಯಾಲೆನ್ಸ್ಡ್’ ಇಟ್ಟರೆ ಬೇಕಾದಾಗ ವೇಗ ತಾನಾಗಿ ಏರಿ, ಬೇಡವಾದಾಗ ಇಳಿಯುತ್ತದೆ. ಫ್ಯಾನಿನ ಸುತ್ತುಗಳು ಅರ್ಧವಾದರೆ ಶಬ್ದ ಸುಮಾರು 15 ಡೆಸಿಬೆಲ್ ತಗ್ಗುತ್ತದೆ. ಮೇಷ್ಟರ ಮಾತು ಹಿಂದಿನ ಬೆಂಚಿಗೂ ಕೇಳಿಸುತ್ತದೆ. ಕರೆಂಟು ಹೋದಾಗ ಯುಪಿಎಸ್ ಇನ್ನಷ್ಟು ಹೊತ್ತು ಬರುತ್ತದೆ. ಆಮೇಲೂ ಫ್ಯಾನು ಗದ್ದಲ ಮಾಡಿದರೆ ಆಯ್ಕೆಗಳಲ್ಲಿ ಹುಡುಕಬೇಡಿ. ಪ್ಲಗ್ ತೆಗೆದು ಒಳಗಿನ ಧೂಳು ಝಾಡಿಸಿ.