ಸುಂಕದವನ ಮುಖ ಮರೆಯಾದ ಮೇಲೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂಬುದು ಹಳೆಯ ಗಾದೆ. ಈಗ ಹೇಳಿಕೊಳ್ಳೋಣವೆಂದರೂ ಸುಂಕದವನೇ ಕಾಣಸಿಗುವುದಿಲ್ಲ. 2020ರ ಜೂನ್ 8ರಂದು ಬೆಂಗಳೂರು, ಚೆನ್ನೈಗಳಲ್ಲಿ ಶುರುವಾದ ‘ಫೇಸ್‌ಲೆಸ್ ಅಸೆಸ್‌ಮೆಂಟ್’ ಪದ್ಧತಿ ಅದೇ ವರ್ಷದ ಅಕ್ಟೋಬರ್ ಕೊನೆಯ ಹೊತ್ತಿಗೆ ದೇಶದ ತುಂಬ ಜಾರಿಗೆ ಬಂತು. ವೈಟ್‌ಫೀಲ್ಡ್ ಕಂಟೇನರ್ ಡಿಪೋದಲ್ಲಿ ಇಳಿದ ಮಾಲಿನ ಕಾಗದಪತ್ರಗಳನ್ನು ಇನ್ಯಾವುದೋ ಊರಿನ ಅಧಿಕಾರಿ ಪರದೆಯ ಮೇಲೆ ನೋಡುತ್ತಾರೆ. ಒಪ್ಪಿದರೆ ಸರಿ, ಇಲ್ಲದಿದ್ದರೆ ಒಂದು ಕ್ವೆರಿ ಬರುತ್ತದೆ.

ಇದರಿಂದ ಆದ ಒಳ್ಳೆಯದನ್ನು ಮೊದಲು ಹೇಳಬೇಕು. ಫೈಲು ಹಿಡಿದು ಮೇಜಿನಿಂದ ಮೇಜಿಗೆ ಸುತ್ತುವ ಕಾಟ ತಗ್ಗಿತು. ಯಾರ ಪರಿಚಯ ಯಾರಿಗಿದೆ ಎಂಬ ಲೆಕ್ಕಾಚಾರಕ್ಕೂ ಬೆಲೆ ಕಡಿಮೆಯಾಯಿತು. ಆದರೆ ಈ ಪದ್ಧತಿ ನಿಂತಿರುವ ತಳಪಾಯ ಇನ್ನೂ ಹಳೆಯದು. 1962ರ ಕಸ್ಟಮ್ಸ್ ಕಾಯ್ದೆಯ 17ನೇ ಕಲಮಿಗೆ 2011ರಲ್ಲಿ ತಿದ್ದುಪಡಿ ಬಂದಾಗಿನಿಂದ ಸುಂಕದ ಲೆಕ್ಕ ಕಟ್ಟುವ ಹೊಣೆ ಆಮದುದಾರನದೇ. ಬಿಲ್ ಆಫ್ ಎಂಟ್ರಿ ಎಂಬ ಆಮದು ಘೋಷಣೆಯಲ್ಲಿ ಮಾಲಿನ ಬೆಲೆ, ಮೂಲದೇಶ, ಎಂಟಂಕಿಯ ವರ್ಗೀಕರಣ ಸಂಖ್ಯೆ ಎಲ್ಲವನ್ನೂ ಅವನೇ ಘೋಷಿಸಬೇಕು.

ಆ ಎಂಟು ಅಂಕಿಗಳ ಕಷ್ಟ ಗೊತ್ತಾಗಬೇಕಾದರೆ ಪೀಣ್ಯದ ಸಣ್ಣ ಕಾರ್ಖಾನೆಗೆ ಬರುವ ಬಿಡಿಭಾಗಗಳ ಒಂದು ಪೆಟ್ಟಿಗೆ ಸಾಕು. ಇನ್‌ವಾಯ್ಸ್‌ನಲ್ಲಿ ಇರುವುದು ‘ಮೆಷಿನ್ ಸ್ಪೇರ್ಸ್’ ಎಂಬ ಒಂದೇ ಸಾಲು. ಬಿಚ್ಚಿದರೆ ಒಳಗೆ ಮೋಟಾರು, ಬೇರಿಂಗ್, ರಬ್ಬರ್ ಸೀಲು. ಮೂರೂ ಒಂದೇ ಯಂತ್ರಕ್ಕೆ ಸೇರಿದವಾದರೂ ಸುಂಕದ ಪಟ್ಟಿಯಲ್ಲಿ ಮೋಟಾರು 8501ಕ್ಕೆ, ಬಾಲ್ ಬೇರಿಂಗ್ 8482ಕ್ಕೆ ಹೋಗುತ್ತವೆ. ಮೆತುವಾದ ರಬ್ಬರಿನ ಸೀಲು ಯಂತ್ರಗಳ ವಿಭಾಗವನ್ನೇ ಬಿಟ್ಟು ರಬ್ಬರಿನ ಅಧ್ಯಾಯದ 4016ಕ್ಕೆ. ಇದರ ಕಾರಣ ಅಡಗಿರುವುದು ಯಂತ್ರಗಳ ಆ ಹದಿನಾರನೇ ವಿಭಾಗದ ತಲೆಯಲ್ಲಿರುವ ಟಿಪ್ಪಣಿಗಳಲ್ಲಿ. ಆ ಟಿಪ್ಪಣಿ ಓದುವ ಪುರುಸೊತ್ತು ಲೇತ್ ಮುಂದೆ ನಿಂತ ಮಾಲೀಕನಿಗೆ ಎಲ್ಲಿಂದ ಬರಬೇಕು? ಎದುರಿಗೆ ಅಧಿಕಾರಿ ಇದ್ದಾಗ ಸೀಲನ್ನು ಕೈಗಿತ್ತು ತೋರಿಸಬಹುದಿತ್ತು. ಪರದೆಯ ಆಚೆ ಇರುವವರಿಗೆ ಸಿಗುವುದು ಆ ಒಂದು ಸಾಲು ಮಾತ್ರ. ಕ್ವೆರಿಗೆ ಉತ್ತರ ಹೋಗಿಬರುವಷ್ಟರಲ್ಲಿ ಮಾಲು ಬಿಡಿಸಿಕೊಳ್ಳಲು ತಡವಾದದ್ದಕ್ಕೆ ಬೀಳುವ ಡೆಮರೇಜ್ ಏರುತ್ತಿರುತ್ತದೆ.

ತಪ್ಪಿಗೆ ಕಾನೂನು ಕಟ್ಟುವ ಬೆಲೆಯೂ ಎರಡೂ ಕಡೆಗೆ ಒಂದೇ ಅಲ್ಲ. ಸುಂಕ ಕಡಿಮೆ ಬಿದ್ದಿದ್ದರೆ ಇಲಾಖೆ ಎರಡು ವರ್ಷದೊಳಗೆ ನೋಟಿಸ್ ಕೊಡಬಹುದು. ವಂಚನೆಯ ಆರೋಪವಿದ್ದರೆ ಐದು ವರ್ಷ. ಬಾಕಿಗೆ ಬಡ್ಡಿ ವರ್ಷಕ್ಕೆ ಶೇ. 15. ಹೆಚ್ಚು ಕಟ್ಟಿದ ಹಣ ವಾಪಸಾಗುವುದು ತಡವಾದರೆ ಇಲಾಖೆ ಕೊಡುವ ಬಡ್ಡಿ ಶೇ. 6, ಅದೂ ಅರ್ಜಿ ಕೊಟ್ಟು ಮೂರು ತಿಂಗಳು ಕಳೆದ ಮೇಲೆ. ಮೂಲ ಲೆಕ್ಕವೇ ತಿದ್ದುಪಡಿಯಾಗದ ಹೊರತು ಮರುಪಾವತಿ ಇಲ್ಲವೆಂದು 2019ರಲ್ಲಿ ಐಟಿಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ತಾನೇ ಕಟ್ಟಿದ ಲೆಕ್ಕದ ಮೇಲೆ ತಾನೇ ಮೇಲ್ಮನವಿ ಹೋಗುವ ವಿಚಿತ್ರ ಪಾಡು. 2025ರಲ್ಲಿ ಸೇರಿದ 18ಎ ಕಲಮು, ಮಾಲು ಬಿಡಿಸಿಕೊಂಡ ಮೇಲೂ ಸ್ವಂತ ತಪ್ಪನ್ನು ತಾನಾಗಿ ತಿದ್ದಿಕೊಳ್ಳಲು ದಾರಿ ಕೊಟ್ಟಿರುವುದು ಮೆಚ್ಚತಕ್ಕದ್ದು. 2011ರಿಂದ ಎಣಿಸಿದರೆ ಹದಿನಾಲ್ಕು ವರ್ಷ ತಡವಾಯಿತು, ಅಷ್ಟೆ.

ನನ್ನ ತೀರ್ಪು ಇಷ್ಟು: ಮುಖ ಮರೆಯಾದದ್ದು ಸರಿ, ಅದರ ಜೊತೆಗೆ ಕಾರಣವೂ ಮರೆಯಾಗಬಾರದು. ಅಧಿಕಾರಿ ಮಾಡಿದ, ಆಮದುದಾರ ಒಪ್ಪದ ಮರುಲೆಕ್ಕಕ್ಕೆ 15 ದಿನದೊಳಗೆ ಕಾರಣಸಹಿತ ಆದೇಶ ಕೊಡಬೇಕೆಂದು ಅದೇ 17ನೇ ಕಲಮು ಹೇಳುತ್ತದೆ. ಮಾಲು ಬಿಡಿಸಿಕೊಳ್ಳುವ ಅವಸರದಲ್ಲಿ ‘ಒಪ್ಪಿದೆ’ ಎಂದು ಬರೆದುಕೊಟ್ಟರೆ ಆ ಹಕ್ಕು ಅಲ್ಲಿಗೇ ಮುಗಿಯಿತು. ಪದೇ ಪದೇ ತರಿಸುವ ಮಾಲಾದರೆ ಅದರ ವರ್ಗೀಕರಣವನ್ನು ಮೊದಲೇ ಖಚಿತಪಡಿಸಿಕೊಳ್ಳಲು ದೆಹಲಿ ಅಥವಾ ಮುಂಬೈನ ಮುಂಗಡ ತೀರ್ಪು ಪ್ರಾಧಿಕಾರದ ಬಾಗಿಲು ತಟ್ಟುವುದು ವಾಸಿ.

ಇನ್ನೊಂದು ಮಾತು. ಬಿಲ್ ಆಫ್ ಎಂಟ್ರಿ ಸಲ್ಲಿಸುವ ಮುಂಚೆ ಕಸ್ಟಮ್ಸ್ ಬ್ರೋಕರ್ ನಿಮಗೊಂದು ಚೆಕ್‌ಲಿಸ್ಟ್ ಕಳಿಸುತ್ತಾರೆ. ವಾಟ್ಸಾಪ್‌ನಲ್ಲಿ ಹೆಬ್ಬೆರಳು ಎತ್ತುವ ಮೊದಲು ಅದನ್ನು ಪೂರ್ತಿ ಓದಿ. ಘೋಷಣೆ ಇರುವುದು ನಿಮ್ಮ ಹೆಸರಿನಲ್ಲಿ.