ಮೇಳದ ಹಾಡು, ಸರಕಾರದ ಓದು

ರೌಲಟ್ ಸಮಿತಿಯು 1918ರಲ್ಲಿ ಸಲ್ಲಿಸಿದ ರಾಜದ್ರೋಹದ ವರದಿಯನ್ನು ರಾಜಕೀಯ ದಾಖಲೆಯೆಂದು ಓದುವುದು ವಾಡಿಕೆ. ಅದನ್ನು ಕಾವ್ಯವಿಮರ್ಶೆಯೆಂದೂ ಓದಬಹುದು. ವಿಮರ್ಶೆಯೆಂದರೆ ತೀರ ಕೆಟ್ಟ ವಿಮರ್ಶೆ. ಅದರ ಮೊದಲನೆಯ ಅಧ್ಯಾಯದಲ್ಲಿ ಪುಣೆಯ ಗಣಪತಿ, ಶಿವಾಜಿ ಉತ್ಸವಗಳ ಪ್ರಸ್ತಾಪವಿದೆ. ಆ ಉತ್ಸವಗಳ ಶ್ಲೋಕಗಳು ಅಲ್ಲಿ ಇಂಗ್ಲಿಷ್ ವೇಷದಲ್ಲಿ ಸಾಕ್ಷಿಗಳಾಗಿ ನಿಂತಿವೆ. ಛಂದಸ್ಸಿಲ್ಲ, ರಾಗವಿಲ್ಲ, ಎದುರಿಗೆ ಮೂರ್ತಿಯಿಲ್ಲ. ಉಳಿದದ್ದು ಅರ್ಥವೊಂದೇ, ಅದೂ ಸರಕಾರಕ್ಕೆ ಬೇಕಾದಷ್ಟು.

ಪೇಶ್ವೆಯರ ಕಾಲದಲ್ಲಿ ವೈಭವದಿಂದ ನಡೆದು ಅನಂತರ ಬಹುಮಟ್ಟಿಗೆ ಮನೆಯೊಳಗೆ ಸೇರಿದ್ದ ಗಣಪತಿಯ ಪೂಜೆಯನ್ನು 1893-94ರ ಹೊತ್ತಿಗೆ ಟಿಳಕರೂ ಅವರ ಸಂಗಡಿಗರೂ ಬೀದಿಗೆ ತಂದರು. ತರುಣರ ಮೇಳಗಳು ಹಾಡುತ್ತ ಹೊರಟವು. ಧರ್ಮಾಚರಣೆಯಲ್ಲಿ ಕೈಹಾಕುವುದಿಲ್ಲವೆಂದು 1858ರ ರಾಣಿಯ ಘೋಷಣೆಯು ವಚನವಿತ್ತಿತ್ತು. ಪೂಜೆಯನ್ನು ತಡೆಯಲಾರದ ಆಡಳಿತವು ಹಾಡಿಗೆ ಕಿವಿಗೊಟ್ಟು ಕುಳಿತುಕೊಂಡಿತು. ಕ್ಯಾಂಪಿನಲ್ಲಿರುವ ನಮಗೆ ಇದು ದೂರದ ಮಾತಲ್ಲ: ದಂಡು ಈಚೆ, ಮೇಳ ಆಚೆಯ ಪೇಟೆಗಳಲ್ಲಿ.

ಶಿವಾಜಿ ಉತ್ಸವದ ಸಂಬಂಧ ‘ಕೇಸರಿ’ಯು 1897ರ ಜೂನ್ 15ರಂದು ಪದ್ಯವನ್ನೂ ಭಾಷಣಗಳ ವರದಿಯನ್ನೂ ಪ್ರಕಟಿಸಿತು. ಒಂದು ವಾರದ ಮೇಲೆ ರ‍್ಯಾಂಡನಿಗೆ ಗುಂಡು ತಗುಲಿತು. ಮೊಕದ್ದಮೆಯಲ್ಲಿ ಆ ಪದ್ಯದ ಭಾಷಾಂತರವೇ ಚರ್ಚೆಯ ವಸ್ತುವಾಯಿತು. ಜ್ಯೂರಿಯ ಆರು ಮಂದಿ ಯುರೋಪಿಯನರು ಟಿಳಕರನ್ನು ಅಪರಾಧಿಯೆಂದರು, ಮೂವರು ಭಾರತೀಯರು ಅಲ್ಲವೆಂದರು. ಶಿಕ್ಷೆ ಹದಿನೆಂಟು ತಿಂಗಳು.

ಸರಕಾರದ ಸಂಶಯವೆಲ್ಲ ಹುಸಿಯೆಂದು ನಾನು ಹೇಳುತ್ತಿಲ್ಲ. 1893ರ ಮುಂಬಯಿಯ ಗಲಭೆಗಳ ತರುವಾಯ, ಹಿಂದೂಗಳು ಮೊಹರಮಿನ ತಾಬೂತುಗಳನ್ನು ಬಿಟ್ಟುಬರಬೇಕೆಂದು ಸಾರಿದ ಮೇಳದ ಹಾಡುಗಳಿದ್ದವು. ಅವುಗಳಲ್ಲಿ ನೆರೆಯವನ ಮೇಲಣ ದ್ವೇಷವೂ ಇತ್ತು. ಉತ್ಸವವನ್ನು ಕೊಂಡಾಡುವವರು ಈ ಮಾತನ್ನು ಮೆಲ್ಲಗೆ ದಾಟಿಹೋಗುತ್ತಾರೆ.

ನನ್ನ ಮುಖ್ಯ ಆಕ್ಷೇಪ ಬೇರೆ. ಭಕ್ತಿಯೆಂಬುದು ಬರಿಯ ಮುಖವಾಡ, ರಾಜಕಾರಣವೇ ನಿಜವಾದ ಮುಖ ಎಂಬುದು ಆಳುವವರ ತೀರ್ಮಾನವಾಗಿತ್ತು. ಅವರು ನಿಂದೆಗೆ ಹೇಳಿದುದನ್ನೇ ನಾವು ಸ್ತುತಿಗೆ ಹೇಳುತ್ತಿದ್ದೇವೆ. ಹತ್ತು ದಿನ ಆರತಿಯೆತ್ತಿ ಕೊನೆಗೆ ಕಣ್ಣೊರೆಸಿಕೊಳ್ಳುತ್ತ ಮೂರ್ತಿಯನ್ನು ನೀರಿಗೆ ಬಿಟ್ಟವನಿಗೆ ಈ ಎರಡು ಓದುಗಳಲ್ಲಿಯೂ ಸ್ಥಳವಿಲ್ಲ.

ಟಿಳಕರು 1916ರಲ್ಲಿ ಬೆಳಗಾವಿಯಲ್ಲಿಯೂ ಅಹಮದನಗರದಲ್ಲಿಯೂ ಮಾಡಿದ ಭಾಷಣಗಳಿಗಾಗಿ ಜಾಮೀನು ಕೊಡಬೇಕೆಂದು ಆಜ್ಞೆಯಾದಾಗ, ಭಾಷಣಗಳನ್ನು ಇಡಿಯಾಗಿ ಓದಬೇಕೆಂದು ಹೇಳಿ ಮುಂಬಯಿ ಹೈಕೋರ್ಟು ಅದನ್ನು ರದ್ದುಪಡಿಸಿತು. ಎರಡು ವರ್ಷಗಳ ಮೇಲೆ ಬರೆದ ಸಮಿತಿಯು ಮೇಳದ ಹಾಡಿಗೆ ಆ ನ್ಯಾಯವನ್ನು ಸಲ್ಲಿಸಲಿಲ್ಲ. ಈ ಹಾಡುಗಳನ್ನು ಕುರಿತು ಕನ್ನಡದಲ್ಲಿ ಬರೆಯುವವರು ವರದಿಯ ಇಂಗ್ಲಿಷನ್ನು ತಿರುಗಿಸದೆ ಮರಾಠಿಯ ಮೂಲಕ್ಕೇ ಹೋಗಬೇಕು. ಪುಣೆಯಲ್ಲಿ ನೆಲೆಸಿದವರಿಗೆ ಅದು ಕಷ್ಟದ ಕೆಲಸವಲ್ಲ.