ಅರೆರೂಪವನ್ನು ನೋಡುವ ಬಗೆ
ಅನಿಮಾರ್ಫ್ಸ್ ಅಭಿಮಾನಿ ಚಿತ್ರಗಳ ರಸಿಕರಿಗೊಂದು ಕೈಪಿಡಿ

ಅನಿಮಾರ್ಫ್ಸ್ ಅಂದ ಕೂಡಲೇ ಜನ ನಗುತ್ತಾರೆ. ಅವರಿಗೆ ಗೊತ್ತಿರುವುದು ಒಂದೇ ಮುಖಪುಟ ಚಿತ್ರ: ಎಡಕ್ಕೆ ಒಬ್ಬ ಹುಡುಗ, ಬಲಕ್ಕೆ ಒಂದು ಹಲ್ಲಿ, ನಡುವೆ ನಾಲ್ಕಾರು ಹಂತಗಳು. ಹುಡುಗನ ಜಾಗದಲ್ಲಿ ಒಬ್ಬ ರಾಜಕಾರಣಿಯನ್ನೋ ನಟನನ್ನೋ ಇಟ್ಟು, ಹಲ್ಲಿಯ ಜಾಗದಲ್ಲಿ ಒಂದು ಕುರ್ಚಿಯನ್ನೋ ಬದನೆಕಾಯಿಯನ್ನೋ ಇಟ್ಟು ಹಂಚಿಬಿಟ್ಟರೆ ಅದೇ ಅಭಿಮಾನಿ ಚಿತ್ರಕಲೆ ಎಂದು ಅವರು ತಿಳಿದಿದ್ದಾರೆ. ಅದನ್ನು ಮಾಡುವವರಲ್ಲಿ ಎಷ್ಟೋ ಜನ ಆ ಸರಣಿಯ ಒಂದು ಪುಟವನ್ನೂ ತಿರುವಿದವರಲ್ಲ. ಈ ಬರಹ ಅವರಿಗಲ್ಲ. ಒಂದು ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲುವ ತಾಳ್ಮೆ ಇರುವವರಿಗೆ, ಯಾಕೆ ನಿಲ್ಲಬೇಕು, ಎಲ್ಲಿ ಕಣ್ಣಿಡಬೇಕು ಎಂದು ಹೇಳಲು ಬರೆಯುತ್ತಿದ್ದೇನೆ.

ಮೊದಲು ಆ ಮುಖಪುಟಗಳ ವಿಷಯ ಮುಗಿಸೋಣ. ಕೆ. ಎ. ಆಪಲ್‌ಗೇಟ್ ತಮ್ಮ ಪತಿ ಮೈಕಲ್ ಗ್ರಾಂಟ್ ಜೊತೆ ಸೇರಿ ಕಟ್ಟಿದ, ಪ್ರಾಣಿಗಳಾಗಬಲ್ಲ ಮಕ್ಕಳು ಅನ್ಯಗ್ರಹದ ಯೀರ್ಕ್‌ಗಳ ವಿರುದ್ಧ ಹೋರಾಡುವ ಈ ಸರಣಿಯ ಮೊದಲ ಪುಸ್ತಕವನ್ನು ಸ್ಕೊಲಾಸ್ಟಿಕ್ ಅಮೆರಿಕದಲ್ಲಿ 1996ರಲ್ಲಿ ಹೊರತಂದಿತು. 2001ರ ಹೊತ್ತಿಗೆ ಮುಖ್ಯ ಸಾಲಿನ 54 ಪುಸ್ತಕಗಳು ಮುಗಿದಿದ್ದವು. ಹೆಚ್ಚಿನ ಮುಖಪುಟಗಳು ಡೇವಿಡ್ ಮ್ಯಾಟಿಂಗ್ಲಿ ಅವರವು. ಅವರು ನುರಿತ ವೈಜ್ಞಾನಿಕ ಕಾದಂಬರಿಗಳ ಚಿತ್ರಕಾರ, ಸಿನಿಮಾಗಳ ಹಿನ್ನೆಲೆ ಬರೆದು ಪಳಗಿದವರು. ಮಾದರಿ ಹುಡುಗ ಹುಡುಗಿಯರ ಫೋಟೊ ತೆಗೆದು, ಇಲಾಸ್ಟಿಕ್ ರಿಯಾಲಿಟಿ ಎಂಬ ತಂತ್ರಾಂಶದಲ್ಲಿ ಒಂದು ಆಕಾರವನ್ನು ಇನ್ನೊಂದಕ್ಕೆ ಎಳೆದು, ಆಮೇಲೆ ಕೈಯಿಂದ ತಿದ್ದುತ್ತಿದ್ದರು. ಆ ಕಾಲಕ್ಕೆ ಅದು ಸಣ್ಣ ಕೆಲಸವಲ್ಲ. ಆದರೆ ಅಂಥ ತಂತ್ರಾಂಶದ ಸ್ವಭಾವವೇ ಸರಾಸರಿ ತೆಗೆಯುವುದು. ಮೂಗು ಎಷ್ಟು ಭಾಗ ಬದಲಾಗಿದೆಯೋ ಕಿವಿಯೂ ಅಷ್ಟೇ, ಕೈಯೂ ಅಷ್ಟೇ. ಎಲ್ಲವೂ ಒಟ್ಟಿಗೆ, ಒಂದೇ ವೇಗದಲ್ಲಿ, ನಯವಾಗಿ.

ಪುಸ್ತಕದ ಒಳಗೆ ನಡೆಯುವುದು ಅದಕ್ಕೆ ತೀರಾ ವಿರುದ್ಧ. ಅಲ್ಲಿ ರೂಪ ಬದಲಾಗುವುದಕ್ಕೆ ಕ್ರಮವಿಲ್ಲ, ದಯೆಯೂ ಇಲ್ಲ. ಮನುಷ್ಯನ ದೇಹ ಇನ್ನೂ ಪೂರ್ತಿ ಇರುವಾಗಲೇ ಮುಖದ ಮೇಲೆ ಸೊಂಡಿಲು ಇಳಿಯುತ್ತದೆ. ಚರ್ಮದ ಮೇಲೆ ಮೊದಲು ಗರಿಗಳ ಗೆರೆ ಮೂಡಿ, ಆಮೇಲೆ ಅದು ಎದ್ದು ನಿಜವಾದ ಗರಿಯಾಗುತ್ತದೆ. ನೋವಿರುವುದಿಲ್ಲ, ಆದರೆ ಮೂಳೆ ಕರಗುವುದು, ಜರುಗುವುದು, ಕರುಳು ಜಾಗ ಬದಲಿಸುವುದು ಎಲ್ಲ ಕೇಳಿಸುತ್ತದೆ, ಅರಿವಿಗೆ ಬರುತ್ತದೆ. ಮತ್ತು ಇದೇ ದೇಹದ ಮಧ್ಯಂತರವನ್ನು ಜೇಕ್, ರೇಚಲ್, ಕ್ಯಾಸಿ, ಮಾರ್ಕೊ, ಟೊಬಿಯಾಸ್ ಎಂಬ ಹದಿಮೂರರ ಆಸುಪಾಸಿನ ಮಕ್ಕಳು ಪ್ರತಿ ಪುಸ್ತಕದಲ್ಲೂ ಹಲವು ಸಲ ದಾಟಬೇಕು. ಮುಖಪುಟ ಎಲ್ಲಿ ನಿಂತಿತೋ ಅಲ್ಲಿಂದ ಅಭಿಮಾನಿಗಳ ಪೆನ್ಸಿಲ್ಲು ಶುರುವಾಯಿತು. ಅವರು ಬರೆದ ಅರೆರೂಪವೇ ಈ ಕಲೆಯ ಪ್ರಾಣ. ಉಳಿದದ್ದೆಲ್ಲ ಪರಿವಾರ.

ಅರೆರೂಪದ ಚಿತ್ರ ಕಂಡರೆ ಮೊದಲು ಕೇಳಬೇಕಾದ್ದು, ಇಲ್ಲಿ ಯಾವುದು ಮೊದಲು ಬಂತು? ಒಳ್ಳೆಯ ಚಿತ್ರಕಾರರು ಒಂದು ಅಂಗವನ್ನು ಆರಿಸಿ ಅದನ್ನು ಮುಂದಕ್ಕೆ ಓಡಿಸುತ್ತಾರೆ, ಇನ್ನೊಂದನ್ನು ಹಿಂದೆ ಉಳಿಸುತ್ತಾರೆ. ಮಾರ್ಕೊ ಗೊರಿಲ್ಲಾ ಆಗುತ್ತಿದ್ದಾನೆ ಎಂದುಕೊಳ್ಳಿ. ಭುಜ ಎರಡು ಪಟ್ಟು ಉಬ್ಬಿ, ಅದರ ತುದಿಯಲ್ಲಿ ಇನ್ನೂ ಉಗುರು ಕಚ್ಚಿಕೊಂಡ ಹುಡುಗನ ಕೈ ನೇತಾಡುತ್ತಿದ್ದರೆ ಆ ಚಿತ್ರಕ್ಕೆ ಕಾಲ ಬಂತು. ಈಗಷ್ಟೇ ಏನಾಯಿತು, ಮುಂದಿನ ಕ್ಷಣ ಏನಾಗಲಿದೆ ಎರಡೂ ಕಾಣುತ್ತವೆ. ಅರ್ಧ ಮುಖ ಮನುಷ್ಯನದು, ಅರ್ಧ ಮುಖ ಹುಲಿಯದು ಎಂದು ಮಧ್ಯೆ ಗೆರೆ ಎಳೆದು ಬರೆಯುವವರೂ ಇದ್ದಾರೆ. ಜನ ಅದನ್ನು ಬಹಳ ಮೆಚ್ಚುತ್ತಾರೆ. ಅದು ಲಾಂಛನ, ಅಲ್ಲಿ ಏನೂ ಆಗುತ್ತಿಲ್ಲ.

ಎರಡನೆಯದು ಕಾಲು. ನಾನು ಯಾವ ಚಿತ್ರವನ್ನಾದರೂ ಕಾಲಿನಿಂದಲೇ ನೋಡಲು ಶುರು ಮಾಡುತ್ತೇನೆ. ಕುದುರೆಗೋ ತೋಳಕ್ಕೋ ಮೊಣಕಾಲು ಹಿಂದಕ್ಕೆ ಬಾಗಿದೆ ಎಂದು ನಮಗೆ ಕಾಣುವ ಜಾಗ ನಿಜಕ್ಕೂ ಅದರ ಹಿಮ್ಮಡಿ. ಆ ಪ್ರಾಣಿಗಳೆಲ್ಲ ಬೆರಳುಗಳ ಮೇಲೆ ನಿಂತಿವೆ. ಇದು ಗೊತ್ತಿರುವ ಚಿತ್ರಕಾರ್ತಿ ಕ್ಯಾಸಿಯನ್ನು ತೋಳವಾಗಿಸುವಾಗ ಅಂಗಾಲನ್ನು ಉದ್ದ ಮಾಡುತ್ತಾಳೆ, ಹಿಮ್ಮಡಿಯನ್ನು ಮೇಲಕ್ಕೆತ್ತುತ್ತಾಳೆ, ತೊಡೆಯನ್ನು ಗಿಡ್ಡಗೊಳಿಸಿ ಹೊಟ್ಟೆಯತ್ತ ಎಳೆಯುತ್ತಾಳೆ. ಆಗ ದೇಹದ ಭಾರ ತಾನಾಗಿ ಮುಂದಕ್ಕೆ ವಾಲುತ್ತದೆ, ಹುಡುಗಿ ನೆಲಕ್ಕೆ ಕೈ ಊರಲೇಬೇಕಾಗುತ್ತದೆ. ಆ ಕೈ ಊರುವ ಗಳಿಗೆಯನ್ನು ಹಿಡಿದ ಚಿತ್ರವನ್ನು ನೋಡಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಹಕ್ಕಿಯಲ್ಲೂ ಇದೇ ಲೆಕ್ಕ. ರೆಕ್ಕೆ ಬೆನ್ನಿಂದ ಮೊಳೆಯುವುದಲ್ಲ, ತೋಳೇ ರೆಕ್ಕೆ. ಬೆರಳುಗಳು ಬೆಸೆದು ತುದಿಯ ದೊಡ್ಡ ಗರಿಗಳಿಗೆ ಆಧಾರವಾಗಬೇಕು. ಕ್ಯಾಸಿಗೆ ಮಾತ್ರ ಒಂದು ವಿನಾಯಿತಿ ಕೊಡಬಹುದು, ಅವಳು ಬದಲಾವಣೆಯ ಕ್ರಮವನ್ನು ಸ್ವಲ್ಪ ಮಟ್ಟಿಗೆ ತನ್ನ ಹಿಡಿತದಲ್ಲಿ ಇಟ್ಟುಕೊಳ್ಳಬಲ್ಲವಳು. ಮಕ್ಕಳಿಗೆ ಈ ಶಕ್ತಿ ಕೊಟ್ಟ ಅನ್ಯಗ್ರಹದ ಆಂಡಲೈಟರಲ್ಲಿ ಇಂಥ ಪ್ರತಿಭೆ ಇರುವವರನ್ನು ಎಸ್ಟ್ರೀನ್ ಎನ್ನುತ್ತಾರೆ. ಆದ್ದರಿಂದ ಕ್ಯಾಸಿಯ ಅರೆರೂಪ ಚೆಲುವಾಗಿದ್ದರೆ ಸರಿ. ಜೇಕ್‌ನದೂ ಅಷ್ಟೇ ಚೆಲುವಾಗಿದ್ದರೆ ಚಿತ್ರಕಾರರು ಓದಿಲ್ಲ ಎಂದೇ ಅರ್ಥ.

ಮೂರನೆಯದು ಗಾತ್ರ. ನೊಣವೋ ಇರುವೆಯೋ ಆಗುವಾಗ ಉಳಿದ ದೇಹ ಎಲ್ಲಿ ಹೋಗುತ್ತದೆ? ಶೂನ್ಯಾವಕಾಶಕ್ಕೆ ಹೋಗುತ್ತದೆ ಎಂಬುದು ಪುಸ್ತಕದ ಉತ್ತರ. ಹದಿನೆಂಟನೆಯ ಪುಸ್ತಕದಲ್ಲಿ ಸೊಳ್ಳೆಯಾದ ಮಕ್ಕಳು ಅಲ್ಲಿಗೇ ಸೆಳೆಯಲ್ಪಡುತ್ತಾರೆ. ಚಿತ್ರದಲ್ಲಿ ಇದನ್ನು ತೋರಿಸುವುದು ಕಷ್ಟ. ಕೆಲವರು ಸುತ್ತಲಿನ ವಸ್ತುಗಳನ್ನು ದೊಡ್ಡದು ಮಾಡಿ ತೋರಿಸುತ್ತಾರೆ: ಹುಲ್ಲಿನ ಎಸಳು ಕಂಬದಷ್ಟು, ಕಳಚಿದ ಶೂ ಒಂದು ಮನೆಯಷ್ಟು. ಅಂದ ಹಾಗೆ, ಶೂ ಕಳಚಿರಲೇಬೇಕು. ಮೈಗೆ ಅಂಟಿದ ತೆಳು ಬಟ್ಟೆ ಮಾತ್ರ ರೂಪದ ಜೊತೆ ಬದಲಾಗುತ್ತದೆ. ದಪ್ಪ ಜಾಕೆಟ್ಟು, ಬೂಟು ಹಾಕಿಕೊಂಡೇ ಹದ್ದಾಗುವ ರೇಚಲ್‌ಳ ಚಿತ್ರಗಳು ರಾಶಿ ಇವೆ, ಅವುಗಳಿಗೆ ಮೆಚ್ಚುಗೆಯೂ ರಾಶಿ ಸಿಗುತ್ತದೆ.

ಎಲ್ಲಕ್ಕಿಂತ ಮುಖ್ಯ ಕಣ್ಣು. ರೂಪ ಪೂರ್ತಿಯಾದ ಮೇಲೆ ಪ್ರಾಣಿಯ ಮನಸ್ಸು ಮೇಲೆ ನುಗ್ಗುತ್ತದೆ: ಹಸಿವು, ಭಯ, ಓಡು ಎಂಬ ಆಜ್ಞೆ. ಐದನೆಯ ಪುಸ್ತಕದಲ್ಲಿ ಇರುವೆಗಳಾದಾಗ ‘ನಾನು’ ಎಂಬುದೇ ಅಳಿಸಿ ಹೋಗುತ್ತದೆ. ಆ ಅಧ್ಯಾಯ ಓದಿದವರು ಮರೆಯುವುದಿಲ್ಲ. ಹಾಗಾಗಿ ಅರೆರೂಪದ ಕಣ್ಣಿನಲ್ಲಿ ಇನ್ನೂ ಮಗು ಇದೆಯೇ, ಇದ್ದರೆ ಅದಕ್ಕೆ ಏನು ಗೊತ್ತು ಎಂಬುದನ್ನು ಹುಡುಕಿ.

ನನಗೆ ಈ ದಾರಿ ತೆರೆದದ್ದು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ. ಅಲ್ಲಿ ಸಿಕ್ಕ ಅನಿಮಾರ್ಫ್ಸ್ ಪುಸ್ತಕದ ಪುಟಗಳ ಕೆಳಮೂಲೆಯಲ್ಲಿ ಪುಟ್ಟ ಚಿತ್ರಗಳಿದ್ದವು, ಹೆಬ್ಬೆರಳಿನಿಂದ ಪರಪರ ಬಿಟ್ಟರೆ ಹುಡುಗ ಪ್ರಾಣಿಯಾಗುತ್ತಿದ್ದ. ನಾನು ಓಡಿಸುವುದನ್ನು ಬಿಟ್ಟು, ನಡುವಿನ ಒಂದು ಪುಟದಲ್ಲಿ ಬೆರಳಿಟ್ಟು ನಿಲ್ಲಿಸಿದೆ. ಅಲ್ಲಿದ್ದದ್ದು ಹುಡುಗನೂ ಅಲ್ಲ, ಪ್ರಾಣಿಯೂ ಅಲ್ಲ. ತಕ್ಷಣ ಅಜ್ಜಿ ಹೇಳುತ್ತಿದ್ದ ಹೂವಿನ ಗಿಡವಾಗುವ ಹುಡುಗಿಯ ಕತೆ ನೆನಪಾಯಿತು. ಎ. ಕೆ. ರಾಮಾನುಜನ್ ಸಂಗ್ರಹಿಸಿದ, ಗಿರೀಶ ಕಾರ್ನಾಡರು ‘ಚೆಲುವಿ’ ಎಂದು ಸಿನಿಮಾ ಮಾಡಿದ ಅದೇ ಕತೆ. ಎರಡು ಕೊಡ ನೀರು. ಒಂದನ್ನು ಹುಯ್ದರೆ ಗಿಡ, ಇನ್ನೊಂದನ್ನು ಹುಯ್ದರೆ ಮತ್ತೆ ಹುಡುಗಿ. ನಾದಿನಿ ಕೊಂಬೆ ಮುರಿದು, ಅವಸರ ಮಾಡಿ, ಅವಳು ಗಿಡವೂ ಅಲ್ಲದ ಮನುಷ್ಯಳೂ ಅಲ್ಲದ ಮುದ್ದೆಯಾಗಿ ಉಳಿಯುವ ಭಾಗ ಬಂದಾಗ ನಾನು ಅಜ್ಜಿಯ ಸೆರಗಿನೊಳಗೆ ಮುಖ ಮುಚ್ಚುತ್ತಿದ್ದೆ. ಅಮೆರಿಕದ ಮಕ್ಕಳ ಪುಸ್ತಕವೊಂದು ಅದೇ ಭಯವನ್ನು, ಅದೇ ಮರುಕವನ್ನು ಮುಟ್ಟಿತ್ತು. ಮುಂದೆ ಕಾಲೇಜಿನಲ್ಲಿ ಗೆಳತಿಯೊಬ್ಬಳು ಪರದೇಶದ ಅಪರಿಚಿತರೊಬ್ಬರು ಬರೆದ ಪೆನ್ಸಿಲ್ ಚಿತ್ರ ತೋರಿಸಿದಳು: ಕರಡಿಯಾಗುತ್ತಿರುವ ರೇಚಲ್, ಬೆನ್ನ ತುಂಬ ಕೂದಲು, ದವಡೆ ಮುಂದೆ ಬಂದಿದೆ, ಆದರೂ ಒಂದು ಕೈಯಿಂದ ಕಿವಿಯ ಹಿಂದೆ ಹೊಂಬಣ್ಣದ ಜಡೆ ಸರಿಸುತ್ತಿದ್ದಾಳೆ. ಅದರ ಮುಂದೆ ಮ್ಯಾಟಿಂಗ್ಲಿ ಅವರ ಎಲ್ಲ ಮುಖಪುಟಗಳೂ ಸಪ್ಪೆಯಾದವು.

ಟೊಬಿಯಾಸ್ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಹೊಸಬರು ಹೆಚ್ಚು ಎಡವುವುದು ಅವನಲ್ಲೇ. ಒಂದು ರೂಪದಲ್ಲಿ ಎರಡು ಗಂಟೆಗಿಂತ ಹೆಚ್ಚು ಇದ್ದರೆ ಹಿಂತಿರುಗಲಾಗದು; ಆ ಮಿತಿ ಮೀರಿ ಅವನು ಮೊದಲ ಪುಸ್ತಕದಲ್ಲೇ ಕೆಂಪು ಬಾಲದ ಗಿಡುಗವಾಗಿ ಸಿಕ್ಕಿಬೀಳುತ್ತಾನೆ. ಹದಿಮೂರನೆಯದರಲ್ಲಿ ರೂಪ ಬದಲಿಸುವ ಶಕ್ತಿ ಮರಳುತ್ತದೆ, ಆದರೆ ಆಗ ಗಿಡುಗವೇ ಅವನ ಸ್ವಂತ ದೇಹ. ತನ್ನದೇ ಹಳೆಯ ಹುಡುಗನ ದೇಹ ಅವನಿಗೆ ಎರಡು ಗಂಟೆಯ ವೇಷ. ಅಂದರೆ ಮನುಷ್ಯ ಟೊಬಿಯಾಸ್‌ನನ್ನು ಬರೆದವರು ಒಂದು ರೂಪಾಂತರವನ್ನು ಬರೆದಿದ್ದಾರೆ. ಹಕ್ಕಿಯಾಗಿ ಬಾಳಿದ ಅವನು ಮುಖದಲ್ಲಿ ಭಾವ ತೋರಿಸುವುದನ್ನು ಮರೆತಿರುತ್ತಾನೆ. ಆ ಖಾಲಿ ಮುಖ, ಒಂದೇ ಕಡೆ ನೆಟ್ಟ ದೃಷ್ಟಿ ಚಿತ್ರದಲ್ಲಿ ಇರಬೇಕು. ಮುಗುಳ್ನಗುವ ಸುಂದರ ಹುಡುಗನನ್ನು, ಹೆಗಲ ಮೇಲೊಂದು ಸಾಕುಗಿಳಿಯಂಥ ಹಕ್ಕಿಯ ಜೊತೆ ಬರೆಯುವುದೇ ಈಗಿನ ಫ್ಯಾಷನ್ನು. ಆ ಹಕ್ಕಿಗೂ ಎಷ್ಟೋ ಸಲ ಬೋಳು ಹದ್ದಿನ ತಲೆ ಇರುತ್ತದೆ. ಬೋಳು ಹದ್ದು ರೇಚಲ್‌ಳದು.

ಮಕ್ಕಳ ಜೊತೆಗಾರನಾದ ಆಂಡಲೈಟ್ ಆಕ್ಸ್‌ನ ಮನುಷ್ಯರೂಪ ಇನ್ನೊಂದು ಪರೀಕ್ಷೆ. ಜೇಕ್, ರೇಚಲ್, ಕ್ಯಾಸಿ, ಮಾರ್ಕೊ ನಾಲ್ವರ ಡಿಎನ್‌ಎ ಬೆರೆಸಿ ಅವನು ಆ ದೇಹ ಕಟ್ಟಿಕೊಂಡಿದ್ದಾನೆ. ಮುಖದಲ್ಲಿ ನಾಲ್ವರೂ ಸಿಗಬೇಕು. ಎಲ್ಲಿಂದಲೋ ಬಂದ ಸಿನಿಮಾ ನಾಯಕನಂತೆ ಬರೆದರೆ ಆಗಲಿಲ್ಲ. ಕೈಯಲ್ಲಿ ಅವನಿಗಿಷ್ಟವಾದ ದಾಲ್ಚಿನ್ನಿ ಬನ್ ಕೊಟ್ಟ ಮಾತ್ರಕ್ಕೆ ಆಕ್ಸ್ ಆಗುವುದಿಲ್ಲ. ಅವನ ನಿಜರೂಪವಂತೂ ನೀಲಿ ತುಪ್ಪಳ, ನಾಲ್ಕು ಗೊರಸು, ತಲೆಯ ಮೇಲೆ ಕಡ್ಡಿಯ ತುದಿಯಲ್ಲಿ ಎರಡು ಹೆಚ್ಚುವರಿ ಕಣ್ಣು, ಬಾಲದಲ್ಲಿ ಕುಡುಗೋಲಿನಂಥ ಅಲಗು. ಬಾಯಿಯೇ ಇಲ್ಲ. ಕೋಪ, ಹೆಮ್ಮೆ, ತವರಿನ ಹಂಬಲ ಎಲ್ಲವೂ ಕಣ್ಣಿನಲ್ಲಿ, ಬಾಲದ ಕೋನದಲ್ಲಿ ಬರಬೇಕು. 1998ರಲ್ಲಿ ಶುರುವಾದ ನಿಕೆಲೋಡಿಯನ್ ಧಾರಾವಾಹಿ ಇಲ್ಲಿ ಸೋತು ಮಲಗಿತು, ಅದರ ಆಂಡಲೈಟ್ ಒಂದು ಪೆಡಸು ಬೊಂಬೆ. ಮನೆಯಲ್ಲಿ ಕೂತು ಬಾಲ್‌ಪಾಯಿಂಟ್ ಪೆನ್ನಿನಲ್ಲಿ ಬರೆದವರು ಅದನ್ನು ಮೀರಿಸಿದರು.

ಯೀರ್ಕ್‌ಗಳು ಅಡಿಯಾಳಾಗಿಸಿಕೊಂಡ ಹಾರ್ಕ್-ಬಜಿರ್‌ಗಳ ಬಗ್ಗೆ ಇಷ್ಟೇ: ಮೈಮೇಲಿನ ಅಲಗುಗಳು ಯುದ್ಧಕ್ಕಲ್ಲ, ಮರದ ತೊಗಟೆ ಸುಲಿದು ತಿನ್ನಲು. ಅವು ಸೌಮ್ಯ ಜೀವಿಗಳು. ರಕ್ತ ತೊಟ್ಟಿಕ್ಕಿಸುವ ರಾಕ್ಷಸರಾಗಿ ಬರೆದ ಚಿತ್ರಗಳನ್ನು ದಾಟಿ ಮುಂದೆ ಹೋಗಿ. ಶತಪದಿಯಂಥ ಟ್ಯಾಕ್ಸನ್‌ಗಳನ್ನು ಯಾರು ಬರೆದರೂ ಚೆನ್ನಾಗಿಯೇ ಬರುತ್ತದೆ. ಯೀರ್ಕ್ ಒಂದು ಚಿಪ್ಪಿಲ್ಲದ ಬಸವನಹುಳುವಿನಂಥ ಜೀವಿ, ಅದರಲ್ಲಿ ನೋಡುವುದೇನಿಲ್ಲ. ಆದರೆ ಅದು ತಲೆಯೊಳಗೆ ಕೂತ ಮನುಷ್ಯನನ್ನು ಬರೆಯುವುದು ಬಹಳ ಕಷ್ಟ. ಜೇಕ್‌ನ ಅಣ್ಣ ಟಾಮ್ ಊಟದ ಮೇಜಿನಲ್ಲಿ ನಗುತ್ತಾ ಕೂತಿದ್ದಾನೆ, ಎಲ್ಲ ಸರಿಯಾಗಿದೆ, ಏನೋ ಸರಿಯಿಲ್ಲ. ಇದನ್ನು ಸಾಧಿಸಿದವರು ಬೆರಳೆಣಿಕೆಯಷ್ಟು.

2020ರಿಂದ ಈ ಕತೆಗಳನ್ನೇ ಆಧರಿಸಿದ ಕ್ರಿಸ್ ಗ್ರೈನ್ ಅವರ ಚಿತ್ರಕಾದಂಬರಿಗಳು ಬರುತ್ತಿವೆ. ಕೆಲಸ ಅಚ್ಚುಕಟ್ಟು, ಹೊಸ ಓದುಗರನ್ನು ತಂದಿವೆ, ಹೊಸ ಅಭಿಮಾನಿ ಚಿತ್ರಗಳನ್ನೂ ತಂದಿವೆ. ನನ್ನ ತಕರಾರು ಒಂದೇ. ಕತೆ ಓಡಬೇಕಾದ್ದರಿಂದ ಅರೆರೂಪಗಳು ಒಂದೆರಡು ಚೌಕದಲ್ಲಿ ಮುಗಿದುಬಿಡುತ್ತವೆ. ಒಂಟಿ ಚಿತ್ರಕ್ಕೆ ಇರುವ ನಿಲ್ಲುವ ಸ್ವಾತಂತ್ರ್ಯ ಅಲ್ಲಿಲ್ಲ.

ಇನ್ನು ಜೋಡಿ ಚಿತ್ರಗಳು. ರೇಚಲ್ ಮತ್ತು ಟೊಬಿಯಾಸ್ ಕೈ ಹಿಡಿದುಕೊಂಡು ಸೂರ್ಯಾಸ್ತ ನೋಡುವುದು, ಎಲ್ಲರೂ ಬೆಳೆದು ದೊಡ್ಡವರಾಗಿ ಒಟ್ಟಿಗೆ ಪಿಕ್‌ನಿಕ್‌ಗೆ ಹೋಗುವುದು, ಮದುವೆ, ಮಕ್ಕಳು. ಇವುಗಳ ಬೇಡಿಕೆ ತಗ್ಗುವುದೇ ಇಲ್ಲ. ಆಪಲ್‌ಗೇಟ್ ಕೊನೆಯ ಪುಸ್ತಕದಲ್ಲಿ ಎಲ್ಲರನ್ನೂ ಸುಖವಾಗಿ ಉಳಿಸಲಿಲ್ಲ. ಓದುಗರು ಸಿಟ್ಟಾದಾಗ, ಯುದ್ಧಗಳು ಹಾಗೆ ಸುಖವಾಗಿ ಮುಗಿಯುವುದಿಲ್ಲ ಎಂದು ಪತ್ರ ಬರೆದು ಗಟ್ಟಿಯಾಗಿ ಉತ್ತರಿಸಿದರು. ಅದನ್ನು ಓದಿಯೂ ಪಿಕ್‌ನಿಕ್ ಬರೆಯುವವರು ಲೇಖಕಿಯ ಕೈಯಿಂದ ಲೇಖನಿ ಕಿತ್ತುಕೊಳ್ಳುತ್ತಿದ್ದಾರೆ.

ಶುರು ಮಾಡುವವರು ಒಂದು, ಮೂರು, ಐದು, ಹದಿಮೂರನೆಯ ಪುಸ್ತಕಗಳನ್ನು ಓದಿ, ಆಮೇಲೆ ಚಿತ್ರಗಳಿಗೆ ಬನ್ನಿ. ರೇಚಲ್‌ಳ ಸಾವಿನ ಚಿತ್ರಗಳನ್ನು ಮಾತ್ರ ಐವತ್ತನಾಲ್ಕನೆಯದನ್ನು ಓದುವವರೆಗೆ ಮುಟ್ಟಬೇಡಿ. ಅವುಗಳಲ್ಲಿ ಹೆಚ್ಚಿನವು ಅವಳನ್ನು ಗರ್ಜಿಸುವ ಕರಡಿಯಾಗಿ ತೋರಿಸುತ್ತವೆ, ಅದು ವೀರೋಚಿತವಾಗಿ ಕಾಣುತ್ತದೆ ಎಂದು. ಪುಸ್ತಕದಲ್ಲಿ ಅವಳು ಕರಡಿಯ ರೂಪದಿಂದ ಪೂರ್ತಿ ಹಿಂತಿರುಗಿ, ಬರಿಗಾಲಿನ ಹುಡುಗಿಯಾಗಿ ಶತ್ರುಗಳ ನಡುವೆ ನಿಂತಾಗ ಸಾಯುತ್ತಾಳೆ. ಹಾಗೆ ಬರೆದ ಚಿತ್ರ ಸಿಕ್ಕರೆ ನನಗೂ ಕಳಿಸಿ.